ಅತ್ತೆ ಕೊಟ್ಟ ಕಿಡ್ನಿ, ಅಳಿಯ ನುಂಗಿದ ಮಾತ್ರೆ

ಟೇಪಮ್ಮ ನೀರಣ್ಣನನ್ನು ಮೊದಲು ಕಂಡದ್ದು ಜಗಳದಲ್ಲಿ. ಶಾಲೆಯ ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆಕೆಯ ಕೊರಳಲ್ಲಿ ಅಳತೆಯ ಟೇಪು ಸದಾ ನೇತಾಡುತ್ತಿದ್ದುದರಿಂದ ಬೀದಿಯವರು ಹಾಗೆ ಕರೆಯುತ್ತಿದ್ದರು. ಅವನು ಬೀದಿಗಳಿಗೆ ಸರದಿಯಂತೆ ನೀರು ಬಿಡುವ ವಾಲ್ವ್‌ಮನ್. ಆ ಬೀದಿಗೆ ಹೊಸದಾಗಿ ಬಂದಿದ್ದ.

ಆಕೆಯ ಮನೆ ಏರಿನ ಕಟ್ಟಕಡೆಯದು. ಹಿಂದಿನ ಸರದಿಯಲ್ಲೂ ಅದರ ಹಿಂದಿನದರಲ್ಲೂ ನಲ್ಲಿ ಬರೀ ಬುಸುಗುಟ್ಟಿ ಸುಮ್ಮನಾಗಿತ್ತು. ಆ ಬೆಳಿಗ್ಗೆ ಕೆಲಸಕ್ಕೆ ಹೊತ್ತಾಗುತ್ತಿದ್ದರೂ ಆಕೆ ಖಾಲಿ ಬಕೆಟ್ಟನ್ನು ಹೊಸಿಲ ಹೊರಗಿಟ್ಟು ಕಾದು ನಿಂತಿದ್ದಳು. ಅವನು ವಾಲ್ವ್ ತಿರುಗಿಸುವ ಆಳೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಬಂದ. ಎಡಗಾಲಿನ ಚಪ್ಪಲಿಯ ಬಾರನ್ನು ತಂತಿಯಲ್ಲಿ ಬಿಗಿದಿದ್ದ.

"ಏನಪ್ಪಾ, ನೀರು ಬಿಡೋದು ನಿಮ್ಮತ್ತೆ ಮನೆಗೆ ಮಾತ್ರಾನಾ?" ಎಂದು ಆಕೆ ಬೀದಿಗೆಲ್ಲ ಕೇಳುವಂತೆ ಕೇಳಿದಳು.

"ನನಗಿನ್ನೂ ಅತ್ತೆ ಇಲ್ಲಮ್ಮ. ಇದ್ದಿದ್ರೆ ಮೊದಲು ಅವರ ನಲ್ಲೀನೇ ಬಂದ್ ಮಾಡ್ತಿದ್ದೆ."

ಅಕ್ಕಪಕ್ಕದವರು ನಕ್ಕರು. ಟೇಪಮ್ಮನಿಗೆ ಮೈಯೆಲ್ಲ ಉರಿಯಿತು. "ನೀವು ನೀರೇ ಬಿಟ್ಟಿಲ್ಲ. ಬಿಟ್ಟೆ ಅಂತ ಆಫೀಸಿಗೆ ಸುಳ್ಳು ಹೇಳ್ತೀರಿ."

ಅವನ ಮುಖದ ನಗು ಅಲ್ಲೇ ಇಂಗಿತು. ಬೀದಿಯ ವಾಲ್ವ್ ಗುಂಡಿಯ ಮುಚ್ಚಳ ಎತ್ತಿದ. ಕೊಳಕು ನೀರಿಗೆ ಕಾಲಿಟ್ಟು, ಕೀಲಿಯನ್ನು ಕೂರಿಸಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸಿದ. ಕೀಲಿಯ ಹಿಡಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಕೇಳಿಸಿಕೊಂಡ. ಆಮೇಲೆ ಏರು ಹತ್ತಿ ಬಂದು ಆಕೆಯ ನಲ್ಲಿಯನ್ನು ತಾನೇ ತೆರೆದ. ಮೊದಲು ಗಾಳಿ ಬಂತು, ಆಮೇಲೆ ತುಕ್ಕು ಬಣ್ಣದ ನೀರು, ಆಮೇಲೆ ತಿಳಿನೀರು. ಬಕೆಟ್ಟು ತುಂಬುವವರೆಗೂ ಕದಲಲಿಲ್ಲ.

"ಬಿಟ್ಟು ತೋರಿಸಿದ್ದೀನಿ. ಇನ್ಮೇಲೆ ಬಿಟ್ಟಿಲ್ಲ ಅನ್ನಬೇಡಿ," ಎಂದು ಹೇಳಿ ಹೋದ.

ಬಾಗಿಲ ಸಂದಿಯಿಂದ ಮಗಳು ಇಣುಕುತ್ತಿದ್ದುದನ್ನು ಟೇಪಮ್ಮ ಆಗ ಗಮನಿಸಲಿಲ್ಲ. ಗಮನಿಸುವ ಹೊತ್ತಿಗೆ ಮದುವೆಯ ಮಾತು ಮನೆಯೊಳಗೆ ಬಂದು ಕೂತಿತ್ತು.

ಅಳಿಯನಾಗಿ ಅವನಲ್ಲಿ ದೂರುವಂಥದ್ದೇನೂ ಇರಲಿಲ್ಲ, ಬಾಯೊಂದನ್ನು ಬಿಟ್ಟರೆ. ಆದರೆ ಮೊಮ್ಮಗಳು ಗೋಡೆ ಹಿಡಿದು ನಡೆಯಲು ಕಲಿಯುವಷ್ಟರಲ್ಲಿ ಅವನ ಎರಡೂ ಕಿಡ್ನಿಗಳು ಸೋತವು. ವಾರವೆಲ್ಲ ಆಸ್ಪತ್ರೆಗೂ ಮನೆಗೂ ಓಡಾಟ. ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬಂದರೆ ಆ ದಿನವೆಲ್ಲ ಹಿಂಡಿದ ಬಟ್ಟೆಯಂತೆ ಬಿದ್ದಿರುತ್ತಿದ್ದ. ಕಿಡ್ನಿ ಕೊಡಲು ಹೆಂಡತಿಯ ರಕ್ತದ ಗುಂಪು ಕೂಡಲಿಲ್ಲ. ಅವನ ಕಡೆಯಲ್ಲಿ ಕೊಡುವವರು ಯಾರೂ ಇರಲಿಲ್ಲ. ಕೂಡಿದ್ದು ಅತ್ತೆಯದು.

"ಬೇಡಿ ಅತ್ತೆ. ನಾಳೆ ಮಾತಿಗೆ ಮಾತು ಬಂದಾಗ ಎತ್ತಿ ಆಡ್ತೀರಿ," ಎಂದ.

"ಆಡೇ ಆಡ್ತೀನಿ. ಅದಕ್ಕೇ ಕೊಡ್ತಿರೋದು," ಎಂದಳು ಟೇಪಮ್ಮ.

ಆಪರೇಷನ್ ಆದ ಮೇಲೆ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಹೇಳಿದರು. "ಇದು ಹೊರಗಿನವರದು ಅಂತ ಗೊತ್ತಾದ್ರೆ ನಿಮ್ಮ ಮೈ ಸುಮ್ಮನಿರಲ್ಲ, ಕಿಡ್ನಿ ಮೇಲೆ ಬೀಳುತ್ತೆ. ಈ ಮಾತ್ರೆಗಳು ಮೈಯ ಕಾವಲುಗಾರನನ್ನ ಅರೆನಿದ್ದೆಯಲ್ಲಿ ಇಡ್ತವೆ. ಅವನು ಪೂರ್ತಿ ಮಲಗಿದ್ರೆ ಕಂಡ ಸೋಂಕೆಲ್ಲ ಒಳಗೆ ನುಗ್ಗುತ್ತೆ. ಪೂರ್ತಿ ಎದ್ರೆ ಕಿಡ್ನಿ ಉಳಿಯಲ್ಲ. ಅದಕ್ಕೇ ಹೊತ್ತು ತಪ್ಪಿಸಬೇಡಿ, ನಮ್ಮನ್ನ ಕೇಳದೆ ಹೆಚ್ಚು ಕಡಿಮೆ ಮಾಡಬೇಡಿ. ರಕ್ತ ಪರೀಕ್ಷೆ ಮಾಡಿ ನಾವು ಅಳತೆ ಸರಿ ಮಾಡ್ತಾ ಇರ್ತೀವಿ."

"ಅತ್ತೆ ಒಳಗೇ ಬಂದು ಕೂತ್ರೆ ಯಾವ ಅಳಿಯನ ಮೈ ಸುಮ್ಮನಿರುತ್ತೆ ಡಾಕ್ಟ್ರೇ?" ಎಂದ ನೀರಣ್ಣ. ಡಾಕ್ಟರು ನಕ್ಕರು. ಟೇಪಮ್ಮನ ಹೊಟ್ಟೆಯ ಹೊಲಿಗೆ ಇನ್ನೂ ಎಳೆಯುತ್ತಿತ್ತು, ನಗಲಾಗಲಿಲ್ಲ.

ಅಂದಿನಿಂದ ಮನೆಯಲ್ಲಿ ಆಕೆಯದೇ ಕಾನೂನು. ಜ್ವರ ಬಂದರೆ ಮೊದಲು ಆಸ್ಪತ್ರೆಗೆ ಫೋನು, ಆಮೇಲೆ ಮಿಕ್ಕಿದ್ದು. ಮಂಡಿ ನೋವೆಂದು ಔಷಧಿ ಅಂಗಡಿಯಿಂದ ಅವನು ತಂದ ನೋವಿನ ಮಾತ್ರೆಯನ್ನು, ಕಿಡ್ನಿಗೆ ಕೆಟ್ಟದ್ದೆಂದು, ಅವನ ಕೈಯಿಂದಲೇ ವಾಪಸ್ ಕೊಡಿಸಿದಳು. ಪಕ್ಕದ ಮನೆಯಾಕೆ, ಮೈಗೆ ಶಕ್ತಿ ಬರುತ್ತದೆಂದು ಬೇರು ಕುದಿಸಿದ ಕಷಾಯ ತಂದಾಗ, "ನಾವು ಇವರ ಶಕ್ತಿ ಕುಗ್ಗಿಸೋಕೆ ಒದ್ದಾಡ್ತಿದ್ದೀವಿ, ನೀನು ಏರಿಸೋಕೆ ಬಂದ್ಯಾ?" ಎಂದು ಬಾಗಿಲಿಂದಲೇ ಕಳಿಸಿದಳು. ಅವನು ಮತ್ತೆ ಕೆಲಸಕ್ಕೆ ಹೊರಟಾಗ ಗುಂಡಿಗೆ ಇಳಿಯುವುದಿಲ್ಲವೆಂದು ಮಾತು ತೆಗೆದುಕೊಂಡಳು. ಉದ್ದನೆಯ ಕೈಗವಸನ್ನೂ ಗಮ್ ಬೂಟನ್ನೂ ಮುಂದಿಟ್ಟಳು.

ಮಾತ್ರೆಯ ವಿಷಯದಲ್ಲಿ ಮಾತ್ರ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬೆಳಗಿನದೂ ಸಂಜೆಯದೂ ಗಡಿಯಾರ ನೋಡಿಯೇ ನುಂಗುತ್ತಿದ್ದ. ಡಬ್ಬಿ ಜೇಬಿನಲ್ಲಿ, ಅಲಾರಂ ಫೋನಿನಲ್ಲಿ. ರಕ್ತಪರೀಕ್ಷೆಯ ದಿನ ಬೆಳಗಿನ ಸರದಿ ಮುಗಿಸಿಕೊಂಡು ಲ್ಯಾಬಿಗೆ ಹೋಗಿಬರುತ್ತಿದ್ದ. ಮತ್ತೆ ಕೆಲಸಕ್ಕೆ ಸೇರಿದ ಮೇಲಿನ ಮೊದಲ ವರದಿಯಲ್ಲೇ ರಕ್ತದಲ್ಲಿ ಮಾತ್ರೆಯ ಅಂಶ ಏರಿತ್ತು. ಡಾಕ್ಟರು ಪ್ರಮಾಣ ಇಳಿಸಿದರು. ಮುಂದಿನ ವರದಿಯಲ್ಲೂ ಅದು ಏರಿಯೇ ಇತ್ತು. ಜೊತೆಗೆ ಕಿಡ್ನಿಯ ಕೆಲಸ ಸ್ವಲ್ಪ ಕುಂದಿತ್ತು. ಮಾತ್ರೆ ಅತಿಯಾದರೆ ಅದೇ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಇನ್ನಷ್ಟು ಇಳಿಸೋಣ ಎಂದರು.

ಇಳಿಸಿದ ಮೇಲೂ ಕಿಡ್ನಿ ಚೇತರಿಸಲಿಲ್ಲ. ಟೇಪಮ್ಮನ ಕಣ್ಣು ಅವನ ಪಾದಗಳ ಮೇಲೆ ನೆಟ್ಟಿತು. ಕಾಲುಚೀಲ ಕಳಚಿದರೆ ಅದರ ಗೆರೆ ಮಾಂಸದೊಳಗೆ ಇಳಿದಿರುತ್ತಿತ್ತು. ಒಂದು ಸಂಜೆ ಹೊಸ ಪ್ಯಾಂಟು ಹೊಲಿಯುವ ನೆಪ ಹೇಳಿ ಕಣಕಾಲಿಗೆ ಟೇಪು ಸುತ್ತಿದಳು. ಮರುವಾರ ಮತ್ತೆ ಸುತ್ತಿದಳು.

"ಏನತ್ತೆ, ಪಾದಕ್ಕೂ ಯೂನಿಫಾರಂ ಹೊಲೀತೀರಾ?"

"ಅಳತೆ ದಪ್ಪ ಆಗ್ತಿದೆ ಅಳಿಯಂದ್ರೆ," ಎಂದಳು. ಅವನು ಕಾಲು ಹಿಂದಕ್ಕೆಳೆದುಕೊಂಡ.

ಒಳಗೊಳಗೇ ಆಕೆಗೆ ಒಂದೇ ಅನುಮಾನ: ಇವನು ಮಾತ್ರೆ ತಪ್ಪಿಸುತ್ತಿದ್ದಾನೆ. ಕೈ ನಡುಕ ಬರುತ್ತದೆ, ವಾಲ್ವ್ ತಿರುಗಿಸುವಾಗ ಹಿಡಿತ ಸಿಗುವುದಿಲ್ಲ ಎಂದು ಒಮ್ಮೆ ಗೊಣಗಿದ್ದ. ಅದು ಮಾತ್ರೆಯಿಂದಲೇ ಎಂದು ಡಾಕ್ಟರೂ ಹೇಳಿದ್ದರು. ಕೆಲಸಕ್ಕಾಗಿ ಮಾತ್ರೆ ಬಿಟ್ಟಿರಬಹುದು. ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದದ್ದು ನೋಡಿ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು, ಖಾಲಿ ಮಾತ್ರೆ ಹಾಳೆಗಳನ್ನು ಒಂದೊಂದಾಗಿ ಆರಿಸತೊಡಗಿದಳು.

"ಅಮ್ಮ, ಕಸದಲ್ಲಿ ಏನು ಹುಡುಕ್ತಿದೀಯ?" ಎಂದಳು ಮಗಳು.

"ನನ್ನ ಕಿಡ್ನಿ ಹುಡುಕ್ತಿದೀನಿ."

ತಲೆ ಎತ್ತಿದರೆ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ಅಳಿಯ ನಿಂತಿದ್ದ. ಹಾಳೆಗಳೆಲ್ಲ ಸರಿಯಾಗಿ ಖಾಲಿಯಾಗಿದ್ದವು. ಒಂದು ಮಾತ್ರೆಯೂ ತಪ್ಪಿರಲಿಲ್ಲ.

"ಎತ್ತಿ ಆಡ್ತೀನಿ ಅಂದಿದ್ರಿ. ಆಡಿದ್ರಿ," ಎಂದಷ್ಟೇ ಹೇಳಿ ಅಂಗಿ ಹಾಕಿಕೊಂಡು ಹೊರಟುಹೋದ.

ಅದಾದ ಮೇಲೆ ಇಬ್ಬರ ನಡುವೆ ಮಾತು ನಿಂತಿತು. ಅನುಮಾನ ಹೋದ ಜಾಗದಲ್ಲಿ ಅದಕ್ಕಿಂತ ಕೆಟ್ಟ ಭಯ ಬಂದು ಕೂತಿತು. ಮಾತ್ರೆ ನುಂಗುತ್ತಿದ್ದರೂ ಕಿಡ್ನಿ ಹೋಗುತ್ತಿದೆ ಎಂದರೆ ಇನ್ನು ಹಿಡಿದು ನಿಲ್ಲಿಸಲು ಏನಿದೆ?

ಮೂತ್ರ ಕಡಿಮೆಯಾಗಿ ಮುಖವೂ ಊದಿಕೊಂಡಾಗ ಆಸ್ಪತ್ರೆಗೆ ಸೇರಿಸಿಕೊಂಡರು. ಸೂಜಿಯಿಂದ ಕಿಡ್ನಿಯ ಚೂರು ತೆಗೆದು ನೋಡಿದರು. ವರದಿ ಹಿಡಿದು ಬಂದ ಡಾಕ್ಟರ ಹುಬ್ಬು ಗಂಟಿಕ್ಕಿತ್ತು.

"ಮೈ ಕಿಡ್ನಿ ಮೇಲೆ ಬಿದ್ದಿದೆ. ಆದ್ರೆ ರಕ್ತದಲ್ಲಿ ಮಾತ್ರೆ ಬೇಕಾದ್ದಕ್ಕಿಂತ ಜಾಸ್ತಿ ಅಂತ ವರದಿ ಹೇಳ್ತಿದೆ. ಇವೆರಡೂ ಒಂದಕ್ಕೊಂದು ಹೊಂದಲ್ಲ. ನಿಜ ಹೇಳಿ, ಪರೀಕ್ಷೆ ಹತ್ರ ಬಂದಾಗ ಮಾತ್ರ ನುಂಗಿ, ಮಧ್ಯೆ ಮಧ್ಯೆ ಬಿಟ್ಟಿದ್ರಾ?"

"ಒಂದು ಹೊತ್ತೂ ಬಿಟ್ಟಿಲ್ಲ," ಎಂದ ನೀರಣ್ಣ. ಡಾಕ್ಟರು ನಂಬದೆ ಮತ್ತೆ ವರದಿಯ ಕಡೆ ನೋಡಿದರು. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ಬಿಟ್ಟಿಲ್ಲ ಡಾಕ್ಟ್ರೇ," ಎಂದಳು ಟೇಪಮ್ಮ. "ನಾನು ಕಸದ ಬುಟ್ಟಿಗೂ ಕೈ ಹಾಕಿ ನೋಡಿದ್ದೀನಿ. ಅವರು ಸುಳ್ಳು ಹೇಳ್ತಿಲ್ಲ."

ಮೈಯ ಹೊಡೆತ ತಗ್ಗಿಸಲು ಬಲವಾದ ಔಷಧಿಯ ಡ್ರಿಪ್ ಹಾಕಿದರು. ಇದಕ್ಕೆ ಬಗ್ಗದಿದ್ದರೆ ಮತ್ತೆ ಯಂತ್ರವೇ ಗತಿ ಎಂದರು. ಮಾತ್ರೆಯ ಅಂಶ ತಿಳಿಯಲು ಮರುದಿನ ಬೆಳಿಗ್ಗೆ ಇನ್ನೊಮ್ಮೆ ರಕ್ತ ತೆಗೆಯಲು ಬರೆದು ಹೋದರು.

ಬೆಳಿಗ್ಗೆ ಮಗಳು ಮಗುವನ್ನು ನೋಡಲು ಮನೆಗೆ ಹೋಗಿದ್ದಳು. ಮಾತ್ರೆಯ ಡಬ್ಬಿ ಟೇಪಮ್ಮನ ಕೈಚೀಲದಲ್ಲಿತ್ತು. ರಕ್ತ ತೆಗೆಯುವವನ ಗಾಡಿಯ ಸದ್ದು ಪಕ್ಕದ ಕೋಣೆಯಿಂದ ಕೇಳಿಸುತ್ತಿತ್ತು.

"ಅತ್ತೆ, ಡಬ್ಬಿ ಕೊಡಿ, ಬೇಗ," ಎಂದ ನೀರಣ್ಣ. ಎಷ್ಟೋ ದಿನಗಳ ಮೇಲೆ ಅವನು ತಾನಾಗಿ ಆಡಿದ ಮೊದಲ ಮಾತು ಅದು. "ಅವನು ಬರೋದ್ರೊಳಗೆ ನುಂಗಿಬಿಡ್ತೀನಿ."

ಆಕೆ ಚೀಲಕ್ಕೆ ಕೈ ಹಾಕಿದಳು. "ರಕ್ತ ಕೊಟ್ಟ ಮೇಲೆ ನುಂಗಿದ್ರಾಯ್ತಲ್ಲ. ಏನವಸರ?"

"ಆಮೇಲೆ ನುಂಗಿದ್ರೆ ರಕ್ತದಲ್ಲಿ ಎಲ್ಲಿಂದ ಕಾಣ್ಸುತ್ತೆ? ನಾನು ಯಾವಾಗ್ಲೂ ನುಂಗೇ ಹೋಗೋದು."

ಆಕೆಯ ಕೈ ಚೀಲದೊಳಗೇ ನಿಂತಿತು. ತಪ್ಪೇನೆಂದು ಆಕೆಗೆ ಗೊತ್ತಿರಲಿಲ್ಲ. ಆದರೆ ಹೊಲಿಗೆಯವಳಿಗೆ ಒಂದು ಗೊತ್ತಿತ್ತು: ಎರಡು ತುಂಡು ಕೂಡದೆ ಹೋದರೆ ಅಳತೆ ತೆಗೆದ ಜಾಗವನ್ನೇ ಮೊದಲು ನೋಡಬೇಕು. ಆಕೆ ಡಬ್ಬಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎದ್ದು ನಿಂತಳು.

"ತಡೀರಿ. ಸಿಸ್ಟರ್‌ನ ಕೇಳ್ಕೊಂಡು ಬರ್ತೀನಿ."

"ಹೊತ್ತು ತಪ್ಪುತ್ತೆ ಅತ್ತೆ. ಹೊತ್ತು ತಪ್ಪಿಸಬೇಡಿ ಅಂತ ಊರೆಲ್ಲ ಕಿರುಚಿದ್ದು ನೀವೇ."

ಅಷ್ಟರಲ್ಲಿ ಅವನ ಫೋನಿನ ಅಲಾರಂ ಬಡಿದುಕೊಳ್ಳತೊಡಗಿತು. ಅವನು ಡ್ರಿಪ್ ಚುಚ್ಚಿದ ಕೈಯನ್ನೇ ಚಾಚಿದ. ಆಕೆ ಡಬ್ಬಿಯನ್ನು ಬೆನ್ನ ಹಿಂದಕ್ಕೆ ಒಯ್ದಳು. ನಾನೇ ತಪ್ಪಿದ್ದರೆ? ಮೈ ಕಿಡ್ನಿಯ ಮೇಲೆ ಎರಗಿರುವ ಹೊತ್ತಿನಲ್ಲಿ ಅದನ್ನು ತಡೆಯುವ ಮಾತ್ರೆಯನ್ನೇ ಕಿತ್ತುಕೊಂಡು ನಿಂತಿದ್ದೇನಲ್ಲ? ಅಲಾರಂ ನಿಲ್ಲಿಸದೆ, ಡಬ್ಬಿಯನ್ನೂ ಕೊಡದೆ, ಆಕೆ ಬಾಗಿಲಿಗೆ ಹೋಗಿ ಸಿಸ್ಟರನ್ನು ಕೂಗಿದಳು.

ಸಿಸ್ಟರು ಎಲ್ಲ ಕೇಳಿಸಿಕೊಂಡರು. "ಎಷ್ಟು ದಿನದಿಂದ ಹೀಗೆ, ನುಂಗಿ ಆಮೇಲೆ ರಕ್ತ ಕೊಡ್ತಿದ್ದೀರಿ?"

"ಮತ್ತೆ ಕೆಲಸಕ್ಕೆ ಸೇರಿದಾಗಿಂದ. ಅಲಾರಂ ಹೊಡ್ದಾಗ ನುಂಗಿ, ನೀರು ಬಿಟ್ಟು, ಆಮೇಲೆ ಲ್ಯಾಬಿಗೆ."

"ಮನೆಗೆ ಕಳಿಸೋವಾಗ, ಪರೀಕ್ಷೆ ದಿನ ರಕ್ತ ಕೊಟ್ಟ ಮೇಲೆ ತಗೊಳ್ಳಿ ಅಂತ ಹೇಳಿದ್ರಲ್ಲ?"

"ಹೇಳಿದ್ರು. ಅದು ಶುರುವಿನ ದಿನಗಳಿಗೆ ಮಾತ್ರ ಅಂದ್ಕೊಂಡೆ ಸಿಸ್ಟರ್. ವಾಲ್ವ್ ತಿರುಗಿಸದೆ ಕೊನೇ ಮನೆ ನಲ್ಲಿ ನೋಡಿದ್ರೆ ಏನು ಸಿಗುತ್ತೆ? ನನ್ನ ಕೆಲಸದಲ್ಲಿ ಎಲ್ರೂ ಅನ್ನೋದು ಒಂದೇ, ನೀರು ಬಿಟ್ಟಿಲ್ಲ ಅಂತ. ಬಿಟ್ಟು ತೋರಿಸಿ ಬಾಯಿ ಮುಚ್ಚಿಸ್ಬೇಕು. ಮಾತ್ರೆ ತಗೊಂಡಿಲ್ಲ ಅಂತ ನೀವೂ ಅನ್ನಬಾರ್ದಲ್ಲ."

ಸಿಸ್ಟರು ಬೈಯಲಿಲ್ಲ. ಮೊದಲು ರಕ್ತ ತೆಗೆಸಿದರು, ಆಮೇಲೆ ಮಾತ್ರೆ ನುಂಗಿಸಿದರು, ಡಾಕ್ಟರಿಗೆ ಫೋನು ಮಾಡಿದರು. ಅನಂತರ ಮಂಚದ ಪಕ್ಕ ನಿಂತು ಹೇಳಿದರು. "ಮಾತ್ರೆ ತಗೊಂಡ್ರಾ ಇಲ್ವಾ ಅಂತ ಹಿಡಿಯೋ ಪರೀಕ್ಷೆ ಅಲ್ಲ ಇದು. ಹಿಂದಿನ ಸಂಜೆ ನುಂಗಿದ್ದು ಬೆಳಗಿನ ಮಾತ್ರೆ ಹೊತ್ತಿಗೆ ಎಷ್ಟು ಉಳಿದಿದೆ ಅಂತ ನೋಡೋದು. ನುಂಗಿದ ಮೇಲೆ ತೆಗೆದ್ರೆ ಅಂಶ ಏರಿರುತ್ತೆ. ಅದನ್ನ ನೋಡಿ ಜಾಸ್ತಿ ಆಯ್ತು ಅಂತ ಡಾಕ್ಟ್ರು ಕಮ್ಮಿ ಮಾಡ್ತಾ ಹೋದ್ರು. ನಿಜವಾಗಿ ನಿಮಗೆ ಸಾಲ್ತಾನೇ ಇರ್ಲಿಲ್ಲ."

ನೀರಣ್ಣ ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ ತನಗೆ ತಾನೇ ಎಂಬಂತೆ ಹೇಳಿದ. "ನೀರು ಏರಿಸೋ ಮೊದಲು ಟ್ಯಾಂಕಿನ ತಳದಲ್ಲಿ ಎಷ್ಟಿದೆ ಅಂತ ಕೇಳಿದ್ರು. ನಾನು ತುಂಬಿಸಿ ತೋರಿಸಿಬಿಟ್ಟೆ."

ಆ ದಿನದ ವರದಿಯಲ್ಲಿ ಮಾತ್ರೆಯ ಅಂಶ ತೀರಾ ತಳದಲ್ಲಿತ್ತು. ಡಾಕ್ಟರು ಪ್ರಮಾಣ ಏರಿಸಿದರು. "ರಕ್ತ ತೆಗೆಯೋವಾಗ ಕೊನೇ ಮಾತ್ರೆ ಯಾವಾಗ ನುಂಗಿದ್ರಿ ಅಂತ ನಾವು ಪ್ರತಿ ಸಲ ಕೇಳಬೇಕಿತ್ತು. ಕೇಳಲಿಲ್ಲ," ಎಂದೂ ಹೇಳಿದರು.

ತಪ್ಪು ಸಿಕ್ಕಿತೆಂದು ಭಯ ಹೋಗಲಿಲ್ಲ. ಡ್ರಿಪ್‌ನಿಂದ ಮೈಯ ಕಾವಲುಗಾರ ಗಾಢ ನಿದ್ದೆಗೆ ಜಾರಿದ್ದ; ಸೋಂಕು ತಗುಲಲು ಯಾರದೋ ಒಂದು ಕೆಮ್ಮೂ ಸಾಕಾಗಿತ್ತು. ನೋಡಲು ಬಂದ ನೆಂಟರನ್ನು ಟೇಪಮ್ಮ ಮೆಟ್ಟಿಲಲ್ಲೇ ತಡೆದು ವಾಪಸ್ ಕಳಿಸಿದಳು. ಮೂತ್ರ ಅಳೆಯುವ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗೆರೆ ನೋಡುತ್ತಿದ್ದಳು. ಕಿಡ್ನಿಯ ವರದಿ ಒಂದು ದಿನ ಇದ್ದಲ್ಲೇ ಇತ್ತು, ಮರುದಿನ ಕೆಟ್ಟಿತು. ಆ ಸಂಜೆ ಮಗಳು ಗೋಡೆಗೊರಗಿ ಅತ್ತಳು. ಅದರ ಮರುದಿನ ಒಂಚೂರು ಸುಧಾರಿಸಿತು. ಆಮೇಲೆ ನಿಧಾನವಾಗಿ ಹಾದಿಗೆ ಬಂತು. ಹಾಳಾದ ಭಾಗ ಮತ್ತೆ ಸರಿಯಾಗುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಮನೆಗೆ ಕಳಿಸಿದರು.

ಹೊರಡುವ ದಿನ ಅವನು ಚಪ್ಪಲಿ ಹಾಕಿಕೊಳ್ಳುತ್ತಾ ಬಗ್ಗಿಯೇ ಹೇಳಿದ. "ಅತ್ತೆ, ನಿಮ್ಮದನ್ನ ಅರ್ಧ ಹಾಳು ಮಾಡಿಬಿಟ್ಟೆ."

"ನಿಮ್ಮದು ಅನ್ನೋದು ಬಿಡಿ ಅಳಿಯಂದ್ರೆ," ಎಂದಳು ಟೇಪಮ್ಮ. "ನಾನೂ ಇನ್ನು ನನ್ನದು ಅನ್ನಲ್ಲ. ಹೊರಗಿನದು ಅಂತ ನಿಮ್ಮ ಮೈಗೆ ಮರೆಸೋಕೆ ಇಷ್ಟು ಜನ ಒದ್ದಾಡ್ತಿದ್ದಾರೆ, ನಾವೇ ಯಾಕೆ ನೆನಪಿಸ್ಬೇಕು?"

ಅವನು ನಕ್ಕ. ಆಕೆಯೂ ನಕ್ಕಳು.

ಈಗ ನೀರಣ್ಣ ಬೀದಿಗಳಿಗೆ ಹೋಗುವುದಿಲ್ಲ. ದೊಡ್ಡ ಟ್ಯಾಂಕಿನ ಪಂಪ್‌ಹೌಸಿನಲ್ಲಿ ಹಗಲು ಪಾಳಿಯಲ್ಲಿ ಮೋಟಾರು ನೋಡಿಕೊಳ್ಳುತ್ತಾನೆ. ರಕ್ತಪರೀಕ್ಷೆಯ ದಿನ ತಡವಾಗಿ ಬರುತ್ತೇನೆಂದು ಹಿಂದಿನ ದಿನವೇ ಅಲ್ಲಿ ಹೇಳಿ ಬರುತ್ತಾನೆ. ಸೂಜಿ ಚುಚ್ಚುವ ಮೊದಲು, ಹಿಂದಿನ ಸಂಜೆ ಯಾವಾಗ ನುಂಗಿದೆನೆಂದು ಕೇಳದಿದ್ದರೂ ತಾನೇ ಹೇಳಿ ಬರೆಸುತ್ತಾನೆ. ರಕ್ತ ಕೊಟ್ಟು, ಅಲ್ಲೇ ಬೆಂಚಿನ ಮೇಲೆ ಕೂತು ಬೆಳಗಿನ ಮಾತ್ರೆ ನುಂಗಿ, ಕೆಲಸಕ್ಕೆ ಹೋಗುತ್ತಾನೆ.