ಫಿಲ್ಟರಪ್ಪನ ಕೆಂಪು ಗಾಜು

ಆ ಕಚೇರಿಯಲ್ಲಿ ಫೋಟೋ ತೆಗೆಯುವವನ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಫಿಲ್ಟರಪ್ಪ. ಮದುವೆ ಮೆರವಣಿಗೆಗಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಓಡಾಡುವ ಪೈಕಿ ಅಲ್ಲ ಆಸಾಮಿ. ಅವನ ಕ್ಯಾಮೆರಾ ನೆಲಮಾಳಿಗೆಯ ಕೋಣೆಯಲ್ಲಿ ಒಂದು ಕಬ್ಬಿಣದ ಕಂಬಕ್ಕೆ ಕಚ್ಚಿಕೊಂಡು ಸದಾ ತಲೆ ತಗ್ಗಿಸಿಯೇ ಇರುತ್ತಿತ್ತು. ಕೆಳಗೆ ಮೇಜು, ಮೇಜಿನ ಎರಡೂ ಕಡೆ ದೀಪ, ನಡುವೆ ಕಾಗದ. ಹಳೆಯ ಕಾಗದಪತ್ರಗಳನ್ನು ಕಪ್ಪು-ಬಿಳುಪು ಫಿಲ್ಮಿಗೆ ನಕಲು ಇಳಿಸುವುದೇ ಅವನ ಕೆಲಸ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕ್ಯಾಮೆರಾ ಒಂದೇ ಒಂದು ಮುಖವನ್ನೂ ಕಂಡಿರಲಿಲ್ಲ.

ಇದರಲ್ಲಿ ಏನು ಮಹಾ ಅನ್ನುವವರು ಅವನ ಎದುರು ಅನ್ನಬಾರದು. ಅಂದರೆ ಮುಗಿಯಿತು, ಕ್ಯಾಂಟೀನಿನ ಚಹಾ ಆರಿ ತಣ್ಣಗಾಗುವವರೆಗೂ ಬಿಡುತ್ತಿರಲಿಲ್ಲ. ಅವನ ಹತ್ತಿರ ಏಳು ಬಣ್ಣದ ಫಿಲ್ಟರ್ ಗಾಜುಗಳಿದ್ದವು. ಒಂದೊಂದೂ ಲೋಹದ ಬಳೆಯೊಳಗೆ ಕೂತು, ಲೆನ್ಸಿನ ಮೂತಿಗೆ ತಿರುಪಿ ಹಾಕುವಂಥದ್ದು. ಹಳೆ ಕನ್ನಡಕದ ಡಬ್ಬಿಗಳಲ್ಲಿ ಬನಿಯನ್ ಚೂರು ಹಾಸಿ ಅವನ್ನು ಮಲಗಿಸಿದ್ದ. ಬೇಡದ ಬಣ್ಣ ಯಾವುದೋ ಅದೇ ಬಣ್ಣದ ಗಾಜು ಹಾಕು, ಫಿಲ್ಮಿನಲ್ಲಿ ಅದು ಮಾಯ. ಬೇಕಾದ ಬಣ್ಣ ಯಾವುದೋ ಅದರ ವೈರಿ ಬಣ್ಣದ ಗಾಜು ಹಾಕು, ಅದು ಕಪ್ಪಾಗಿ ಎದ್ದು ಕೂರುತ್ತದೆ. ಇಷ್ಟೇ ಅವನ ಶಾಸ್ತ್ರ. ಚಹಾ ಚೆಲ್ಲಿ ಹಳದಿಯಾದ ಕಾಗದಕ್ಕೆ ಹಳದಿ ಗಾಜು. ಶಾಯಿ ಮಾಸಿ ಹಳದಿಗೆ ತಿರುಗಿದ್ದರೆ ನೀಲಿ ಗಾಜು. ಎರಡೂ ಒಂದೇ ಹಾಳೆಯಲ್ಲಿದ್ದರೆ ಅವತ್ತು ಫಿಲ್ಟರಪ್ಪನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ಇನ್ನೊಂದು ನಿಯಮವೂ ಅವನಿಗಿತ್ತು. ನಕಲು ತೆಗೆಯುವವನು ಕಾಗದ ಓದಬಾರದು. ಓದುತ್ತ ಕೂತವನಿಗೆ ದಿನಕ್ಕೆ ಐವತ್ತು ಹಾಳೆಯೂ ಸಾಗುವುದಿಲ್ಲ, ಜೊತೆಗೆ ಊರ ಉಸಾಬರಿ ತಲೆಗೆ ಅಂಟುತ್ತದೆ.

ಅವನ ಜೀವಮಾನದ ಹೆಮ್ಮೆ ಒಂದು ಷರಾ. ಆ ಕಚೇರಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಸೇವಾ ಪುಸ್ತಕ. ಹುಟ್ಟಿದ ತಾರೀಖು, ರಜೆ, ಬಡ್ತಿ ಎಲ್ಲ ನೀಲಿ ಶಾಯಿಯಲ್ಲಿ. ಮೇಲಿನವರ ಷರಾ ಮಾತ್ರ ಕೆಂಪಿನಲ್ಲಿ. ಕೆಂಪು ಅಂದರೆ ಬೈಗುಳ ಅಂತಲೇ ಲೆಕ್ಕ. ಆದರೆ ಇಪ್ಪತ್ತು ವರ್ಷದ ಹಿಂದೆ ಒಬ್ಬ ಸಿಡುಕು ಮೋರೆಯ ಮುಖ್ಯಾಧಿಕಾರಿ, ಏನು ಗ್ರಹಚಾರವೋ, ಫಿಲ್ಟರಪ್ಪನ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಹೊಗಳಿಕೆ ಬರೆದುಬಿಟ್ಟಿದ್ದರು. ಕಚೇರಿಯ ಚರಿತ್ರೆಯಲ್ಲೇ ಅದೊಂದೇ. ಫಿಲ್ಟರಪ್ಪನಿಗೆ ಅದು ಬಾಯಿಪಾಠ. ಸೇವಾ ಪುಸ್ತಕ ಮನೆಗೆ ಒಯ್ಯುವಂತಿಲ್ಲವಾದ್ದರಿಂದ ಹೆಂಡತಿ ಮಾತ್ರ ಅದನ್ನು ಕಂಡವಳಲ್ಲ. ಅವನು ಶುರು ಮಾಡಿದರೆ ಸಾಕು, ಬಂತು ನೋಡಿ ಬಾಯಲ್ಲೇ ಬರೆದ ಷರಾ ಅಂತ ಒಳಗೆ ಹೋಗುತ್ತಿದ್ದಳು.

ನಿವೃತ್ತಿಗೆ ಎಂಟು ತಿಂಗಳಿರುವಾಗ ಸುತ್ತೋಲೆ ಬಂತು. ಸೇವಾ ಪುಸ್ತಕದಲ್ಲಿ ಒಂದಾದರೂ ಮೆಚ್ಚುಗೆ ಇದ್ದವರಿಗೆ ‘ಹಿರಿಯ’ ಎಂಬ ಪದವಿ. ಹೆಚ್ಚಿನ ಸಂಬಳ ಇಲ್ಲ, ಬಾಗಿಲಿಗೊಂದು ಹಲಗೆ, ಅಷ್ಟೇ. ಫಿಲ್ಟರಪ್ಪನಿಗೆ ಬೇಕಾಗಿದ್ದೂ ಆ ಹಲಗೆಯೇ. ‘ಹಿರಿಯ ಛಾಯಾಗ್ರಾಹಕ’ ಅಂತ ಬರೆದದ್ದರ ಕೆಳಗೆ ಹೆಂಡತಿಯನ್ನು ಒಂದು ದಿನ ನಿಲ್ಲಿಸಬೇಕು ಅನ್ನುವುದು ಅವನ ಆಸೆ. ಅವತ್ತೇ ಅರ್ಜಿ ಬರೆದ.

ಅದಕ್ಕೂ ಆರು ತಿಂಗಳ ಹಿಂದೆ ದಾಖಲೆ ಕೋಣೆಯಲ್ಲಿ ನಲ್ಲಿ ಒಡೆದಿತ್ತು. ಸೇವಾ ಪುಸ್ತಕಗಳ ಕೆಂಪು ರಟ್ಟು ನೆನೆದು ಬಣ್ಣ ಬಿಟ್ಟು, ಇನ್ನೂರ ಹನ್ನೆರಡು ಪುಸ್ತಕಗಳ ಹಾಳೆ ಹಾಳೆಗೂ ಕೆಂಪು ಕಲೆ ಹಬ್ಬಿತು. ಎಲ್ಲವನ್ನೂ ಫಿಲ್ಮಿಗೆ ಇಳಿಸಿ, ಮೂಲವನ್ನು ಕಾಗದದ ಗಿರಣಿಗೆ ಕಳಿಸಿ ಅಂತ ಆದೇಶವಾಯಿತು. ಫಿಲ್ಟರಪ್ಪನಿಗೆ ಹಬ್ಬ. ತನ್ನದೇ ಪುಟವನ್ನು ಮೇಜಿನ ಮೇಲಿಟ್ಟು ಮೂರು ಪರೀಕ್ಷೆ ತೆಗೆದ: ಗಾಜಿಲ್ಲದೆ ಒಂದು, ಹಸಿರು ಗಾಜಿನಲ್ಲಿ ಒಂದು, ಕೆಂಪು ಗಾಜಿನಲ್ಲಿ ಒಂದು. ಹಸಿರಿನಲ್ಲಿ ಕಲೆ ಮಸಿ ಬಳಿದ ಹಾಗೆ ಬಂತು. ಕೆಂಪಿನಲ್ಲಿ ಕಲೆಯ ಸುಳಿವೇ ಇಲ್ಲ, ನೀಲಿ ಅಕ್ಷರ ಇನ್ನಷ್ಟು ಕಪ್ಪಾಗಿ ಮಿಂಚುತ್ತಿದೆ! ಭೂತಗನ್ನಡಿ ಹಿಡಿದು ಕಲೆ ಇದ್ದ ಜಾಗವನ್ನೆಲ್ಲ ಹುಡುಕಿದ. ಷರಾ ಇದ್ದ ಜಾಗವನ್ನು ನೋಡಲಿಲ್ಲ. ಬಾಯಿಪಾಠ ಇದ್ದದ್ದನ್ನು ಯಾರು ನೋಡುತ್ತಾರೆ? ಕೆಂಪು ಗಾಜು ಬೆಳಕು ಕುಡಿಯುತ್ತದೆ ಅಂತ ಹೆಚ್ಚು ಹೊತ್ತು ತೆರೆದಿಟ್ಟು, ನಾಲ್ಕು ತಿಂಗಳು ಬೆನ್ನು ಬಗ್ಗಿಸಿ ಎಲ್ಲ ಪುಟ ಮುಗಿಸಿದ. ಒಂದನ್ನೂ ಓದಲಿಲ್ಲ.

ನಕಲನ್ನು ಮೂಲದ ಜೊತೆ ಹೋಲಿಸಿ ನೋಡಬೇಕಾಗಿದ್ದವನು ದಾಖಲೆ ಗುಮಾಸ್ತ. ಇವನು ಬೇರೆ ಯಾರೂ ಅಲ್ಲ, ಫಿಲ್ಟರಪ್ಪನ ಹೆಂಡತಿಯ ತಮ್ಮ. ಹುಟ್ಟಾ ಸೋಮಾರಿ. ಮೊದಲ ದಿನವೇ ಭಾವನ ಮೂಲ ಪುಸ್ತಕ ತೆಗೆದು ಕೆಂಪು ಷರಾ ಓದಿಕೊಂಡ, ಎಲ್ಲದರ ಮೇಲೂ ‘ಹೋಲಿಸಿ ನೋಡಲಾಗಿದೆ’ ಅಂತ ಮುದ್ರೆ ಒತ್ತಿದ, ಮೂಲಗಳನ್ನು ಗಿರಣಿಯ ಲಾರಿ ಹತ್ತಿಸಿದ. ಭಾವನ ಷರಾ ತನಗೆ ಮೂರು ತಿಂಗಳ ಕೆಲಸ ಉಳಿಸಿತು ಅಂತ ಅವನೇ ಬಂದು ಹೇಳಿದಾಗ ಫಿಲ್ಟರಪ್ಪ ಹಿಗ್ಗಿ ಹೀರೇಕಾಯಿ ಆಗಿದ್ದ.

ಈಗ ಅರ್ಜಿ ನೋಡಿದ ಮ್ಯಾನೇಜರ್ ಮೇಡಂ ಅವನನ್ನು ಕರೆಸಿ, ಫಿಲ್ಮ್ ಓದುವ ಯಂತ್ರಕ್ಕೆ ಅವನ ಸುರುಳಿ ಹಾಕಿದರು. ಹುಟ್ಟಿದ ತಾರೀಖು ಬಂತು. ಎತ್ತರ, ತೂಕ, ರಜೆ ಬಂತು. ಷರಾ ಇರಬೇಕಾದಲ್ಲಿ ಹಾಲಿನಂಥ ಬಿಳಿ. ಅದರ ಕೆಳಗೆ, ಕೆಂಪು ಪೆನ್ನು ಸಿಗದೆ ಯಾವನೋ ಹಂಗಾಮಿ ಅಧಿಕಾರಿ ನೀಲಿಯಲ್ಲಿ ಗೀಚಿದ್ದ ಒಂದು ಸಾಲು ಮಾತ್ರ ಢಾಳಾಗಿ ಕಂಡಿತು: ಹನ್ನೊಂದು ನಿಮಿಷ ತಡವಾಗಿ ಬಂದಿದ್ದಾನೆ. ಇನ್ನೂರ ಹನ್ನೆರಡು ಜನರಲ್ಲಿ ಕಪ್ಪು ಚುಕ್ಕೆ ಇರುವುದು ನಿಮಗೊಬ್ಬರಿಗೇ ಅಂತ ಮೇಡಂ ಮರುಕದಿಂದ ಹೇಳಿದರು.

ಫಿಲ್ಟರಪ್ಪನಿಗೆ ಒಂದೇ ಕ್ಷಣದಲ್ಲಿ ಎಲ್ಲ ಗೊತ್ತಾಯಿತು. ಕಲೆಯ ಜೊತೆಗೆ ಕಚೇರಿಯ ಮೂವತ್ತು ವರ್ಷದ ಬೈಗುಳವನ್ನೂ ತಾನೇ ತೊಳೆದು ಹಾಕಿದ್ದ. ಕುಡಿದು ಬಂದವರು, ಫೈಲು ಕಳೆದವರು, ಏಳು ಷರಾ ಹೊತ್ತಿದ್ದ ಅವನ ಭಾವಮೈದ, ಎಲ್ಲರೂ ಈಗ ಅಪ್ಪಟ ಚಿನ್ನ. ಖುದ್ದು ಮೇಡಂಗೂ ನಾಲ್ಕು ಷರಾ ಇದ್ದದ್ದು ಎಲ್ಲರಿಗೂ ಗೊತ್ತು. ಈಗ ಬಡ್ತಿ ಪಟ್ಟಿಯಲ್ಲಿ ಆಕೆಯದೇ ಮೊದಲ ಹೆಸರು.

ಭಾವಮೈದ ನೆಲಮಾಳಿಗೆಗೆ ಓಡಿಬಂದ. “ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ಬಿಡಬೇಡಿ. ನಿಮ್ಮೊಂದು ಸಾಲಿಗಾಗಿ ಎಲ್ಲರ ಹೊಟ್ಟೆ ಮೇಲೆ ಹೊಡೀತೀರಾ?”

ಅವನು ಹೇಳಿದ್ದು ಸುಳ್ಳಲ್ಲ. ಎರಡು ದಿನ ಫಿಲ್ಟರಪ್ಪ ಸರಿಯಾಗಿ ಊಟ ಮಾಡಲಿಲ್ಲ. ಆದರೆ ಹಸಿರು ಗಾಜಿನಲ್ಲಿ ತೆಗೆದಿದ್ದ ಆ ಪರೀಕ್ಷೆಯ ನೆಗೆಟಿವ್ ಇನ್ನೂ ಕನ್ನಡಕದ ಡಬ್ಬಿಯಲ್ಲಿತ್ತು. ತೆಗೆದು ನೋಡಿದ. ಕಲೆ ಮುಟ್ಟದ ಅರ್ಧದಲ್ಲಿ ಷರಾ ಅಕ್ಷರ ಅಕ್ಷರವಾಗಿ ನಿಂತಿದೆ, ಅಧಿಕಾರಿಯ ಸಹಿ ಸಮೇತ. ಇದನ್ನು ಕೈಯಲ್ಲಿಟ್ಟುಕೊಂಡು ಸುಮ್ಮನಿರಲು ನಾನೇನು ಕಲ್ಲೇ, ನನಗೆ ಇದ್ದದ್ದೇ ಒಂದು ಸಾಲು ಅಂತ ಮೂರನೆಯ ದಿನ ದೊಡ್ಡದೊಂದು ಪ್ರಿಂಟ್ ಹಾಕಿ ಮೇಡಂ ಮೇಜಿನ ಮೇಲಿಟ್ಟ. ಯಾವ ಗಾಜು ಏನು ಮಾಡಿತು ಅಂತ ಮೊದಲಿನಿಂದ ಕೊನೆವರೆಗೆ ಒಪ್ಪಿಸಿದ.

ಮೇಡಂ ಎದ್ದು ಬಾಗಿಲು ಹಾಕಿ ಬಂದರು. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “ಈತ ತೆಗೆದ ನಕಲು ಇದ್ದದ್ದನ್ನು ಇದ್ದಂತೆಯೇ ತೋರಿಸುತ್ತದೆ. ಮೂಲದೊಂದಿಗೆ ಹೋಲಿಸುವ ಅಗತ್ಯವಿಲ್ಲ. ಈತನ ನಕಲನ್ನೇ ಸತ್ಯವೆಂದು ಒಪ್ಪತಕ್ಕದ್ದು.”

ಫಿಲ್ಟರಪ್ಪನ ಎದೆ ಉಬ್ಬಿತು. ಇಪ್ಪತ್ತು ವರ್ಷದ ಮೇಲೆ ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳುತ್ತಿದ್ದ.

“ಎಷ್ಟು ಚೆನ್ನಾಗಿ ಬರೆದಿದ್ದಾರೆ,” ಅಂದರು ಮೇಡಂ. “ನಾನಂತೂ ಇದನ್ನ ಪೂರ್ತಿ ನಂಬ್ತೀನಿ. ಈಗ ನೀವೇ ಹೇಳಿ. ಈ ಮಾತಿನ ಪ್ರಕಾರ ನಿಮ್ಮ ನಕಲೇ ಸತ್ಯ ತಾನೆ?”

“ಹೌದು ಮೇಡಂ.”

“ದಾಖಲೆಗೆ ಸೇರಿರೋ ನಿಮ್ಮ ನಕಲಿನಲ್ಲಿ ಈ ಷರಾ ಇದೆಯಾ?”

ಮೇಡಂ ಪ್ರಿಂಟನ್ನು ಮೆಲ್ಲಗೆ ಅವನ ಕಡೆ ತಳ್ಳಿದರು. ಇನ್ನು ಆಕ್ಷೇಪಣೆ ಇದ್ದರೆ ಬರೆದು ಕೊಡಿ, ನಿಮ್ಮ ನಕಲು ನಂಬಲಿಕ್ಕೆ ಯೋಗ್ಯವಲ್ಲ ಅಂತ ನಿಮ್ಮ ಕೈಯಾರೆ ಬರೆದರೆ ಸಾಕು, ಎಲ್ಲರ ಕಡತವನ್ನೂ ತೆರೆಸೋಣ ಅಂದರು. ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಬರೆದು ಕೊಡಬಹುದಿತ್ತು. ಆಕೆ ಚಾಚಿದ ಪೆನ್ನನ್ನು ಅವನು ಕೈಗೆ ತೆಗೆದುಕೊಂಡದ್ದೂ ನಿಜ. ಆದರೆ ತನ್ನ ನಕಲು ಸುಳ್ಳು ಎನ್ನುವ ಸಾಲನ್ನು ಬರೆಯಲು ಆ ಕೈ ಒಪ್ಪಲಿಲ್ಲ.

ಮನೆಗೆ ಬಂದು ಪ್ರಿಂಟನ್ನು ಹೆಂಡತಿಯ ಮುಂದಿಟ್ಟು, ಕುರ್ಚಿಯಲ್ಲಿ ಕೂತ. ಅವಳು ಕೈ ಒರೆಸಿಕೊಂಡು ಕಿಟಕಿ ಹತ್ತಿರ ಹೋಗಿ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

“ನಿಜಾನೇ ಹೇಳ್ತಿದ್ರಿ ಹಾಗಾದ್ರೆ,” ಅಂದಳು. “ಇಷ್ಟು ವರ್ಷ ನಾನೇ ನಂಬಲಿಲ್ಲ ನೋಡಿ.”

ಕಚೇರಿಯಲ್ಲಿ ತಡೆದು ಹಿಡಿದಿದ್ದ ಅಳು ಅವನಿಗೆ ಆಗ ಬಂತು. ಅವಳು ಅದನ್ನು ಕಂಡೂ ಕಾಣದ ಹಾಗೆ ಮೊಳೆ ಹುಡುಕಿ, ಬಾಗಿಲ ಪಕ್ಕದ ಗೋಡೆಗೆ ತಾನೇ ಹೊಡೆದು, ಪ್ರಿಂಟನ್ನು ತೂಗುಹಾಕಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಹಾಳೆಯ ಅರ್ಧಕ್ಕೆ ಮಸಿಯಂತೆ ಹಬ್ಬಿದ್ದ ಕಲೆ ಅವಳ ಕಣ್ಣಿಗೆ ಚುಚ್ಚಿತು.

“ಎಲ್ಲ ಸರಿ, ಈ ಕಲೆ ಒಂದು ಬಂದುಬಿಟ್ಟಿದೆ. ಇದನ್ನ ತೆಗೆಯೋಕೆ ನಿಮಗೆ ಬರ್ತಿರಲಿಲ್ವೇನ್ರೀ?”

“ಬರ್ತಿತ್ತು,” ಅಂದ ಫಿಲ್ಟರಪ್ಪ.