ಮಾವನವರ ದಪ್ಪ ಟೈರು

ನಮ್ಮ ಮಾವನವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ, ಅಗಲವಾಗಿ, ಬೇರೆ ಯಾರದೋ ಕೈಯಿಂದ ತಂದು ಜೋಡಿಸಿದಂತೆ ಕಾಣುತ್ತಿತ್ತು. ಬೆಳಿಗ್ಗೆ ಮುಖ ತೊಳೆದವರೇ ಜಗಲಿಗೆ ಬಂದು ಆ ಬೆರಳಿನಿಂದ ಸೈಕಲ್ಲಿನ ಎರಡೂ ಟೈರು ಒತ್ತಿ ನೋಡುತ್ತಿದ್ದರು. ಕೊಂಚ ಒಳಗೆ ಹೋಯಿತೆಂದರೆ ಕಾಫಿಗೂ ಮೊದಲು ಪಂಪು ಹಿಡಿಯುತ್ತಿದ್ದರು. “ಟೈರು ಕಲ್ಲಿನಂಗಿರ್ಬೇಕು ನೋಡವ್ವ. ಮೆತ್ತಗಿದ್ರೆ ನಾವು ತುಳಿದಿದ್ದನ್ನೆಲ್ಲ ಅದೇ ತಿಂದು ಕುಂತ್ಕಂತದೆ” ಎನ್ನುವುದು ಅವರ ಮಾತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಮಿಲಿಟರಿಯ ಉಗ್ರಾಣದಲ್ಲಿದ್ದರು. ಯುದ್ಧ ಮುಗಿದ ಮೇಲೆ ಶಿಕಾರಿಪುರಕ್ಕೆ ಬಂದು ಭತ್ತದ ಗಿರಣಿಯಲ್ಲಿ ಗುಮಾಸ್ತರಾದರು. ಬರುವಾಗ ಮಿಲಿಟರಿ ಹರಾಜಿನಲ್ಲಿ ಹಿಡಿದ ಒಂದು ಮಡಚುವ ಸೈಕಲ್ಲು ತಂದಿದ್ದರು. ನಡುವಿನ ತಿರುಪು ಸಡಿಲಿಸಿದರೆ ಹಿಂದಿನ ಚಕ್ರ ಮುಂದಿನ ಚಕ್ರದ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಚಕ್ರಗಳು ಮಾಮೂಲಿ ಸೈಕಲ್ಲಿಗಿಂತ ಸಣ್ಣವು, ಟೈರು ಸಪೂರ.

ಆ ಸೈಕಲ್ಲಿನಲ್ಲಿ ಅವರಿಗಿದ್ದ ಒಂದೇ ಚಟವೆಂದರೆ ಭಾನುವಾರದ ಪಂದ್ಯ. ಸೊರಬದ ಬಸ್ಸು ಹೊರಡುವಾಗ ಇವರೂ ಹೊರಡುತ್ತಿದ್ದರು. ಬಸ್ಸು ಕಂಡಕಂಡಲ್ಲಿ ನಿಂತು, ಶಿರಾಳಕೊಪ್ಪದಲ್ಲಿ ಡ್ರೈವರ್ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಏಳುವಷ್ಟರಲ್ಲಿ ಇವರು ಮುಂದೆ ಹೋಗಿರುತ್ತಿದ್ದರು. ಸೊರಬದ ಸ್ಟ್ಯಾಂಡಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತು, ಬಸ್ಸು ಬಂದಾಗ ಕಂಡಕ್ಟರನಿಗೆ “ಏನಪ್ಪಾ, ದಾರಿ ತಪ್ಪಿತ್ತೇನು?” ಎಂದು ಕೇಳುತ್ತಿದ್ದರು. ಆಮೇಲೆ ಸೈಕಲ್ಲು ಮಡಚಿ ಅದೇ ಬಸ್ಸಿನ ಟಾಪಿಗೇರಿಸಿ ವಾಪಸು ಬರುತ್ತಿದ್ದರು. ಆ ರಾತ್ರಿ ಅವರಿಗೆ ಎರಡು ಮುದ್ದೆ ಹೆಚ್ಚಿಗೆ ಬೇಕಾಗುತ್ತಿತ್ತು.

ನಾನು ಆ ಮನೆಗೆ ಸೊಸೆಯಾಗಿ ಹೋದ ಮರುವರ್ಷವೇ ನನ್ನ ಯಜಮಾನರು ವಿಷಮಶೀತ ಜ್ವರದಲ್ಲಿ ಹೋಗಿಬಿಟ್ಟರು. ಅತ್ತೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದದ್ದು ಮಾವನವರು, ಅವರ ತಂಗಿ, ನಾನು. ತಂಗಿಯನ್ನು ನಾನು ಚಿಕ್ಕತ್ತೆ ಎನ್ನುತ್ತಿದ್ದೆ. ತವರಿಗೆ ಹೋದರೆ ಅಲ್ಲಿ ನನಗೆ ಕಾದಿದ್ದದ್ದು ಅಣ್ಣನ ಹೆಂಡತಿಯ ಅಡುಗೆಮನೆ, ಸಾಯುವ ತನಕ. ಮಾವನವರು ಯಾರನ್ನೂ ಕೇಳದೆ ನನ್ನನ್ನು ಶಿವಮೊಗ್ಗೆಗೆ ಟ್ರೇನಿಂಗಿಗೆ ಕಳಿಸಿದರು. ಅದು ಮುಗಿದ ಮೇಲೆ ತಾಳಗುಂದದ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು, ತಾತ್ಕಾಲಿಕವಾಗಿ.

ಸೊರಬದ ಬಸ್ಸು ಆ ಹಳ್ಳಿಯ ಕೈಮರದ ಹತ್ತಿರ ಬಿಡುತ್ತಿತ್ತು. ಅಲ್ಲಿಂದಾಚೆಗೆ ಗಾಡಿಜಾಡು, ನಡೆದರೆ ಶಾಲೆಯ ಗಂಟೆ ಖಂಡಿತ ತಪ್ಪುತ್ತಿತ್ತು. ಮಾವನವರು ಗಿರಣಿಯ ಅಂಗಳದಲ್ಲಿ ನನಗೆ ಸೈಕಲ್ಲು ಕಲಿಸಿದರು. ಬಸ್ಸಿನಲ್ಲಿ ಮಡಚಿ ಒಯ್ಯುವುದು, ಕೈಮರದಲ್ಲಿ ಬಿಚ್ಚಿ ಹತ್ತುವುದು ಎಂದಾಯಿತು. ಚಿಕ್ಕತ್ತೆ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ, “ಗಂಡ ಸತ್ತೋಳು ಸೈಕಲ್ ಮ್ಯಾಲೆ. ಇನ್ನೇನು ನೋಡ್ಬೇಕೋ ಈ ಕಣ್ಣಾಗೆ” ಅಂದರು. ಮಾವನವರು “ಕಣ್ಣು ಮುಚ್ಕ” ಎಂದು ಪಂಪು ಹೊಡೆಯುತ್ತಾ ಇದ್ದರು.

ಸೈಕಲ್ಲು ಟಾರು ರಸ್ತೆಯಲ್ಲಿ ಹಕ್ಕಿ. ಗಾಡಿಜಾಡಿಗೆ ಇಳಿದರೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಸಣ್ಣ ಚಕ್ರ ಸಿಕ್ಕಿದ ಗುಂಡಿಗೆಲ್ಲ ಇಳಿಯುತ್ತಿತ್ತು. ಕಲ್ಲಿನಂಥ ಟೈರು ಪ್ರತಿಯೊಂದು ಜಲ್ಲಿಯ ಪೆಟ್ಟನ್ನೂ ನೇರವಾಗಿ ಸೀಟಿಗೆ ತಲುಪಿಸುತ್ತಿತ್ತು. ಹದಿನೈದು ದಿನದಲ್ಲಿ ನಾನು ತರಗತಿಯಲ್ಲಿ ಕುರ್ಚಿ ಬಿಟ್ಟು ನಿಂತೇ ಪಾಠ ಮಾಡತೊಡಗಿದೆ. ಹೇಳುವುದು ಯಾರಿಗೆ? ಯಾವ ಸೊಸೆ ತಾನೇ ಮಾವನೆದುರು ನಿಂತು, ಕೂರುವ ಜಾಗ ನೋಯುತ್ತದೆ ಎಂದಾಳು? ಚಿಕ್ಕತ್ತೆಗೆ ಹೇಳಿದರೆ ಅವರು ಗೆದ್ದಂತೆ.

ಹಾಗಾಗಿ ಸುತ್ತುಬಳಸಿ ಹೇಳಿದೆ. “ಕೈ ಜುಮ್ ಅಂತದೆ ಮಾವ” ಅಂದೆ. ಹ್ಯಾಂಡಲ್ಲಿಗೆ ಅಚ್ಚುಕಟ್ಟಾಗಿ ಬಟ್ಟೆ ಸುತ್ತಿಕೊಟ್ಟರು. “ಬುತ್ತಿಡಬ್ಬಿ ಕುಲುಕಿ ಸಾರೆಲ್ಲ ಚೆಲ್ತದೆ” ಅಂದೆ. ಹಳೆಯ ಟ್ಯೂಬು ಕತ್ತರಿಸಿ ಮುಚ್ಚಳಕ್ಕೆ ರಬ್ಬರಿನ ಬಳೆ ಮಾಡಿದರು. “ಗಂಟೆ ತಾನಾಗೇ ಹೊಡ್ಕಂತದೆ” ಅಂದಾಗ ಗಂಟೆಯ ತಿರುಪು ಬಿಗಿಮಾಡಿ, “ಇನ್ನು ಸದ್ದಿಲ್ಲ, ಹೋಗು” ಅಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಕೊನೆಕೊನೆಗೆ ಗಾಡಿಜಾಡಿನಲ್ಲಿ ಕಲ್ಲು ಬಂದ ಕಡೆಯೆಲ್ಲ ಇಳಿದು ಸೈಕಲ್ಲು ತಳ್ಳತೊಡಗಿದೆ. ದಿನವೂ ತಡವಾಯಿತು. ಹೆಡ್ಮಾಸ್ತರು ಕೆಟ್ಟವರಲ್ಲ. “ಟೀಚರ್, ಮೇಲಿನೋರು ಬಂದು ಕೇಳಿದ್ರೆ ನಾನೇನ್ ಹೇಳ್ಲಿ? ಹಿಂಗೇ ಆದ್ರೆ ಕೆಲ್ಸ ಕಾಯಂ ಆಗಲ್ಲ ಕಣ್ರೀ” ಎಂದರು. ಆ ಶನಿವಾರ ಮನೆಗೆ ಬಂದು ಮಾವನವರಿಗೆ, “ಮಕ್ಕಳು ನನ್ನ ಮಾತು ಕೇಳಲ್ಲ ಮಾವ. ನಂಗೆ ಈ ಕೆಲ್ಸ ಒಗ್ಗಲ್ಲ. ತವರಿಗೆ ಹೋಗಿ ಇರ್ತೀನಿ” ಎಂದೆ. ಅವರು ಜಗಲಿಯ ಸೈಕಲ್ಲಿನ ಕಡೆ ನೋಡಿ, “ನಾಳೆ ಒಂದಿನ ಕಳೀಲಿ” ಎಂದರು.

ಮರುದಿನ ಭಾನುವಾರ ಅವರು ಪಂದ್ಯಕ್ಕೆ ಹೋಗಲಿಲ್ಲ. ಸೈಕಲ್ಲು ಮಡಚಿ ನನ್ನ ಹಾಗೆಯೇ ಬಸ್ಸು ಹತ್ತಿದರು. ಸಂಜೆ ಬಂದವರ ನಡಿಗೆಯೇ ಬೇರೆ ಇತ್ತು. ಮಣೆ ಹಾಕಿದರೆ ಕೂರಲಿಲ್ಲ. ತಟ್ಟೆಯನ್ನು ಕಿಟಕಿಯ ಮೇಲಿಟ್ಟುಕೊಂಡು ನಿಂತೇ ಉಂಡರು.

“ಕುಂತು ಉಣ್ಣಾಕೆ ಏನಾಗೈತಣ್ಣ ನಿಂಗೆ?” ಎಂದರು ಚಿಕ್ಕತ್ತೆ.

“ಸೊಂಟ ಹಿಡ್ಕಂಡೈತೆ.” ಆಮೇಲೆ ಗೋಡೆಗೆ ಹೇಳುವಂತೆ, “ಒರಟು ರಸ್ತೆ ಬಂದ್ರೆ ನಾನು ಪೆಡಲ್ ಮ್ಯಾಲೆ ಎದ್ದು ನಿಂತೇ ತುಳೀತಿದ್ದೆ ಇಷ್ಟ್ ವರ್ಷ. ಇವತ್ತು ಕುಂತೇ ತುಳಿದೆ” ಅಂದರು.

ಸೀರೆಯುಟ್ಟವಳು ಪೆಡಲ್ ಮೇಲೆ ಎದ್ದು ನಿಲ್ಲಲಾರಳು ಎಂಬುದು ಅವರಿಗೆ ಅಂದು ತಿಳಿದಿತ್ತು. ನಾನು ತಲೆ ಎತ್ತದೆ ಸಾರು ಬಡಿಸಿದೆ.

ಆ ವಾರ ಶಿವಮೊಗ್ಗೆಯಿಂದ ದಪ್ಪ ಟೈರು ಬಂದವು. ಮಡ್‌ಗಾರ್ಡಿಗೆ ಉಜ್ಜುತ್ತಿದ್ದರಿಂದ ಅದನ್ನೂ ಬಿಚ್ಚಿ ಅಟ್ಟಕ್ಕೆ ಹಾಕಿದರು. “ಹಳೇವು ಸವೆದಿದ್ವು. ಅಂಗಡಿಯಾಗೆ ಇವೇ ಸಿಕ್ವು. ಇವಕ್ಕೆ ಗಾಳಿ ಜಾಸ್ತಿ ಹಿಡಿಸಬ್ಯಾಡ ನೋಡವ್ವ” ಎಂದರು. ಹಳೆಯವು ಸವೆದಿರಲಿಲ್ಲ. ಹೊಚ್ಚಹೊಸದರಂತೆ ಹಿತ್ತಿಲ ಗೂಟದಲ್ಲಿ ನೇತಾಡುತ್ತಿದ್ದವು.

ಹೊಸ ಟೈರಿನಲ್ಲಿ ಸೈಕಲ್ಲು ಎಮ್ಮೆಯಾಯಿತು. ಟಾರಿನ ಮೇಲೆ ತುಳಿದಷ್ಟೂ ಹಿಂದಕ್ಕೇ ಎಳೆಯುತ್ತಿತ್ತು. ಆದರೆ ಗಾಡಿಜಾಡಿನಲ್ಲಿ ಕಲ್ಲು ಬಂದರೆ ಟೈರು ತಾನೇ ಒಳಗೆ ಹೋಗಿ ಪೆಟ್ಟನ್ನು ನುಂಗುತ್ತಿತ್ತು. ನಾನು ಒಂದು ಕಡೆಯೂ ಇಳಿಯದೆ ಶಾಲೆಯ ಬಾಗಿಲವರೆಗೆ ಹೋದೆ. ವೇಗದ ಟೈರಿನಲ್ಲಿ ದಿನಾ ತಡವಾಗುತ್ತಿದ್ದವಳು ನಿಧಾನದ ಟೈರಿನಲ್ಲಿ ಗಂಟೆಗೆ ಮೊದಲೇ ತಲುಪತೊಡಗಿದೆ. ಬೇಸಿಗೆಯ ಹೊತ್ತಿಗೆ ಕೆಲಸ ಕಾಯಂ ಆಯಿತು.

ನಷ್ಟವಾದದ್ದು ಭಾನುವಾರಕ್ಕೆ. ಮಾವನವರು ಪಂದ್ಯವನ್ನೇನೂ ಬಿಡಲಿಲ್ಲ, ಪ್ರತಿ ಸಲವೂ ಸೋತರು. ಮಳೆಗಾಲದಲ್ಲಿ ಮಡ್‌ಗಾರ್ಡಿಲ್ಲದ ಚಕ್ರ ಬೆನ್ನಿನ ತುಂಬ ಕೆಮ್ಮಣ್ಣು ಎರಚುತ್ತಿತ್ತು. ಒಂದು ಸಲ ನಾನೂ ಸೊರಬಕ್ಕೆ ಹೋಗಲು ಆ ಬಸ್ಸಿನಲ್ಲಿದ್ದೆ. ನಾವು ಇಳಿದು ಎಷ್ಟೋ ಹೊತ್ತಾದ ಮೇಲೆ ಬಂದರು. ಕಂಡಕ್ಟರ್, “ಏನ್ ಯಜಮಾನ್ರೇ, ದಾರಿ ತಪ್ಪಿತ್ತಾ?” ಎಂದು ಕಿಚಾಯಿಸಿದ. ಟೈರಿನ ಕಡೆ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ಅವರು, “ವಯಸ್ಸಾತಪ್ಪ” ಎಂದರು.

ಮನೆಗೆ ಬಂದ ಮೇಲೆ, “ಭಾನುವಾರ ಹಳೇ ಟೈರು ಹಾಕ್ಕಳಿ ಮಾವ” ಎಂದೆ.

“ವಾರವಾರ ಬಿಚ್ಚಿ ಹಾಕೋರ್ಯಾರು? ಬಸ್ಸು ಮುಂದೆ ಹೋದ್ರೆ ಹೋಗ್ಲಿ ಬಿಡವ್ವ. ಅದಕ್ಕೆ ಜನ ಕಾಯ್ತಿರ್ತಾರೆ” ಎಂದು ಬೆನ್ನಿನ ಅಂಗಿ ತೊಳೆಯಲು ಹೋದರು.

ಮುಂದೆ ನನಗೆ ಸೊರಬಕ್ಕೇ ವರ್ಗವಾಯಿತು. ಆ ವೇಳೆಗೆ ಮಾವನವರು ನಿಜವಾಗಿಯೂ ಮುದುಕರಾಗಿದ್ದರು. ಒಂದು ಚಳಿಗಾಲ, ಕೆಮ್ಮು ಹತ್ತಿ ಎಂಟು ದಿನ ಮಲಗಿ ಹೋಗಿಬಿಟ್ಟರು. ಮಣ್ಣಿಗೆ ಬಂದವರಲ್ಲಿ ಆ ಕಂಡಕ್ಟರನೂ ಇದ್ದ. ಜಗಲಿಯಲ್ಲಿ ಕೂತ ಗಿರಣಿಯವರಿಗೆ, “ಮೊದಮೊದ್ಲು ನಮ್ಮ ಬಸ್ಸನ್ನೇ ಹಿಂದೆ ಹಾಕ್ತಿದ್ರು ಯಜಮಾನ್ರು. ಆಮೇಲೆ ಯಾಕೋ ಕಾಲಾಗೆ ಶಕ್ತಿನೇ ಇಲ್ದಂಗಾತು” ಎಂದ.

ನಾನು ಒಳಗಿದ್ದೆ. ಎದ್ದು ಹೊಸಿಲಿಗೆ ಬಂದೆ.

“ಅವರ ಕಾಲಿಗೆ ಏನೂ ಆಗಿರ್ಲಿಲ್ಲ ರೀ. ನಂಗೆ ಕೂರೋ ಜಾಗ ನೋಯ್ತಿತ್ತು. ಅದಕ್ಕೆ ದಪ್ಪ ಟೈರು ಹಾಕಿದ್ರು. ಅದಕ್ಕೇ ಸೋತ್ರು.”

ಅಷ್ಟು ಗಂಡಸರ ಎದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಚಿಕ್ಕತ್ತೆ ಗದರುತ್ತಾರೆಂದುಕೊಂಡೆ, ಗದರಲಿಲ್ಲ. ಕಂಡಕ್ಟರ್ ತಲೆಗೆ ಸುತ್ತಿದ್ದ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಮಾವನವರನ್ನು ಮಲಗಿಸಿದ್ದ ಕಡೆ ತಿರುಗಿ ನಿಂತ.