ಮಗ್ಗದ ಚಪ್ಪಲಿ

ಮೊನ್ನೆ ಜಮಖಂಡಿಯಲ್ಲಿ ಟೈರ್ ರಿಮೋಲ್ಡ್ ಮಾಡುವ ಶೆಡ್ಡಿನ ಮುಂದೆ ಹಾದುಹೋಗುವಾಗ ಬೇಯುತ್ತಿದ್ದ ರಬ್ಬರಿನ ವಾಸನೆ ಬಂತು. ಬೇರೆಯವರಿಗೆ ಅದರಿಂದ ತಲೆನೋವು ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ನೆರಳಿಗೆ ಬನ್ನಿ.

ಬನಹಟ್ಟಿಯ ನನ್ನ ಸೋದರಮಾವ ಪಾವರ್‌ಲೂಮ್ ಮಗ್ಗಗಳ ರಿಪೇರಿ ಮಾಡುತ್ತಿದ್ದ. ಮನೆಯಲ್ಲೂ ಎರಡು ಮಗ್ಗ, ನಡೆಸುವವಳು ಅತ್ತೆ. ಆ ಓಣಿಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಎಲ್ಲ ಮನೆಯಲ್ಲೂ ಮಗ್ಗ. ಸಮಾಧಾನವಾಗಿ ಮಾತಾಡಬೇಕೆಂದರೆ ಕರೆಂಟ್ ಹೋಗಬೇಕು. ಅತ್ತೆಯ ಕಿವಿ ಮಂದವಾಗತೊಡಗಿದಾಗ ಡಾಕ್ಟರು, ಸಪ್ಪಳ ಕಡಿಮೆಯಾಗದಿದ್ದರೆ ಉಳಿದದ್ದೂ ಹೋಗುತ್ತದೆ ಎಂದರು. ಮಗ್ಗ ನಿಲ್ಲಿಸುವ ಮಾತನ್ನು ಯಾರೂ ಎತ್ತಲಿಲ್ಲ; ಉಣ್ಣುವುದು ಅದರಿಂದಲೇ.

ಮಾವ ತಲೆ ಓಡಿಸಿದ. ಮಗ್ಗದ ಕಾಲುಗಳ ಕೆಳಗಿಡಲು ದಪ್ಪ ರಬ್ಬರಿನ ತುಂಡುಗಳನ್ನು ಇದೇ ಶೆಡ್ಡಿನಲ್ಲಿ ಅಚ್ಚು ಒತ್ತಿಸಿ ತಂದ. "ಮಗ್ಗಕ್ಕ ಚಪ್ಪಲಿ ಹಾಕೇನಿ ನೋಡು" ಎಂದು ನಕ್ಕ. ನೆಲದ ನಡುಕ ನಿಂತಿತು, ಸಪ್ಪಳ ಇಳಿಯಿತು. ವರ್ಷವಿಡೀ ನೋಡಿದ, ಚಪ್ಪಲಿ ಸವೆಯಲಿಲ್ಲ. ಆದರೆ ಪಕ್ಕದ ಮನೆಗಳ ಸಪ್ಪಳ ಗೋಡೆ ದಾಟಿ ಬರುತ್ತಿತ್ತಲ್ಲ! ಓಣಿಗೆಲ್ಲ ಹಾಕಿಸುತ್ತೇನೆಂದು ಹೊರಟ. ಒಮ್ಮೆಗೇ ಹತ್ತಾರು ಒತ್ತುವ ದೊಡ್ಡ ಅಚ್ಚು ತಯಾರಾಯಿತು. ನಾನೂ ಟಂಟಂ ಆಟೋದಲ್ಲಿ ಮಾಲು ಹೇರಿಕೊಂಡು ಓಡಾಡಿದೆ. ಆಗ ನನಗೂ ಅರ್ಧ ಕಾರಖಾನೆಯ ಮಾಲೀಕನ ಠೀವಿ.

ಎರಡು ತಿಂಗಳಿಗೆ ಬೈಗುಳ ಶುರುವಾಯಿತು. ರಬ್ಬರ್ ಉಬ್ಬಿ, ಮೆತ್ತಗಾಗಿ, ಕಾಲು ಕುಸಿದು ಮಗ್ಗಗಳು ವಾರೆ ನಿಂತವು, ಎಳೆ ಹರಿಯತೊಡಗಿದವು. ಅದೇ ಅಳತೆ, ಅದೇ ರಬ್ಬರು! ಮಾವ ತಲೆ ಹಿಡಿದು ಕೂತ. ಅತ್ತೆ ನೆರೆಮನೆಗೆ ಹೋಗಿ ಮಗ್ಗದ ಬುಡಕ್ಕೆ ಬಗ್ಗಿ ನೋಡಿ ಬಂದಳು. ನಮ್ಮ ನೇಕಾರರು ಮಗ್ಗಕ್ಕೆ ಎಣ್ಣೆ ಬಿಡುವುದೆಂದರೆ ದೇವರಿಗೆ ಅಭಿಷೇಕ ಮಾಡಿದ ಹಾಗೆ, ಕೈ ಬಿಗಿ ಹಿಡಿಯುವುದಿಲ್ಲ. ಅದೆಲ್ಲ ಕಾಲಿಗಿಳಿದು ರಬ್ಬರನ್ನು ತಿಂದಿತ್ತು.

"ಎಣ್ಣಿ ರೀ. ನಾ ದಿನಾ ಅರಿವಿ ತಗೊಂಡು ಒರಸ್ತಿದ್ನಿ, ಇವ್ರ್ಯಾರೂ ಒರಸಂಗಿಲ್ಲ. ರಬ್ಬರಿನ ಮ್ಯಾಲ ಒಂದು ತಗಡ ಹಾಕಿದ್ರ ಆತು" ಎಂದಳು.

ನೆಲ ಜಿಡ್ಡಾದರೆ ಆಕೆಗೆ ಸೇರುತ್ತಿರಲಿಲ್ಲ, ಅದಕ್ಕೆ ಒರೆಸುತ್ತಿದ್ದಳು. ಅದು ಮಾವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಈಗಲೂ ಬೀಳಲಿಲ್ಲ. "ನೀ ಸುಮ್ನ ಕುಂದ್ರು" ಎಂದ.

ಅಷ್ಟರಲ್ಲಿ ಓಣಿಯ ಹಿರಿಯರೊಬ್ಬರು ಎಲ್ಲರ ಎದುರಿಗೇ ಅಂದುಬಿಟ್ಟರು: "ಛಲೋ ಮಾಲ ನೀ ಇಟ್ಕೊಂಡಿ, ನಮಗ ಹಲ್ಕಾ ಮಾಲ ಹಚ್ಚಿದಿ. ನಿನ್ನ ಮಗ್ಗ ಹೆಂಗ ನಿಂತಾವ ನೋಡು!"

ಮಾವ ಮನೆಗೆ ಬಂದವನೇ ಹಾರೆ ಹಾಕಿ ಮಗ್ಗ ಎತ್ತಿ, ತನ್ನ ಚಪ್ಪಲಿಗಳನ್ನೆಲ್ಲ ಕಿತ್ತು ಓಣಿಗೆ ಎಸೆದ. "ನೋಡ್ಕೋರಿ, ನನಗೂ ಇಲ್ಲ, ನಿಮಗೂ ಇಲ್ಲ. ಆತಲ್ಲ?" ಬಾಗಿಲಲ್ಲಿ ನಿಂತ ಅತ್ತೆ, "ನಮ್ಮವ್ಯಾಕ ಕಿತ್ತಿರಿ? ನಮ್ಮವು ಛಲೋ ಇದ್ದುವಲ್ರೀ" ಎಂದಳು. ಓಣಿಗೆ ಅದು ಬೇಕಾಗಿರಲಿಲ್ಲ. ಎಂಥ ಮಾನವಂತ ಎಂದು ಮಾವನನ್ನು ಹೊಗಳಿತು, ಇವತ್ತಿಗೂ ಹೊಗಳುತ್ತದೆ. ಕೇಳಿದರೆ ನನಗೆ ಮೈ ಉರಿಯುತ್ತದೆ.

ಮೊನ್ನೆ ಆ ಶೆಡ್ಡಿನ ಮುಂದೆಯೇ ನಿಂತು ಬನಹಟ್ಟಿಗೆ ಫೋನ್ ಹಚ್ಚಿದೆ. ಎತ್ತಿದವನು ಮಾವ.

"ಅತ್ತಿ ಕಡೆ ಕೊಡು ಮಾಮಾ."

"ಅಕಿಗೇನ ಕೇಳಸ್ತೈತಿ? ನನಗ ಹೇಳು."

ಇಷ್ಟು ವರ್ಷ ಇಂಥ ಮಾತಿಗೆ "ಇರ್ಲಿ ಬಿಡು" ಎನ್ನುತ್ತಿದ್ದೆ. ಮೊನ್ನೆ ಬಾಯಿ ತಡೆಯಲಿಲ್ಲ.

"ಅಕಿಗ್ಯಾಕ ಕೇಳಸಂಗಿಲ್ಲ ಅನ್ನೂದು ಗೊತ್ತೈತೇನು ಮಾಮಾ?"



"ಮಗ್ಗದ ಸಪ್ಪಳದಾಗ ನೀ ಏನ ಅಂದಿ ತಿಳೀಲಿಲ್ಲ" ಎಂದು ಮಾವ ಫೋನ್ ಇಟ್ಟ.